ನಮ್ಮತ್ತೆಯ ಮೂಗು, ಯುಜು ಹಣ್ಣಿನ ಗೊಜ್ಜು

ನಮ್ಮತ್ತೆ ನೀಲಾಬಾಯಿಯವರ ಮೂಗು ೨೦೨೨ರ ಜನವರಿಯಲ್ಲಿ ಹೋಯಿತು. ಮನೆಯವರಿಗೆ ಅದು ಗೊತ್ತಾಗಿದ್ದು ೨೦೨೫ರ ಡಿಸೆಂಬರಿನಲ್ಲಿ. ಮುಖದ ಮೇಲಿನ ಮೂಗು ಇದ್ದಲ್ಲೇ ಇದೆ, ಮೂಗುಬಟ್ಟಿನ ಸಮೇತ. ಹೋಗಿದ್ದು ವಾಸನೆ ಹಿಡಿಯುವ ಶಕ್ತಿ. ಹತ್ತಿರ ಹತ್ತಿರ ನಾಲ್ಕು ವರ್ಷ ಅವರು ಅದನ್ನು ಒಂದೇ ಸೂರಿನಡಿ ಮುಚ್ಚಿಟ್ಟರು. ಅವರ ಸೊಸೆಯಾದ ನಾನು ಗಮನಿಸಲಿಲ್ಲ. ಇದರಲ್ಲಿ ಯಾರ ತಪ್ಪು ಹೆಚ್ಚು ಎಂಬುದು ನನಗಿನ್ನೂ ತೀರ್ಮಾನವಾಗಿಲ್ಲ.

ಆ ಮೂಗಿನ ವೈಭವವನ್ನು ಮೊದಲು ಹೇಳಬೇಕು. ನಮ್ಮತ್ತೆ ಮೈಸೂರಿನವರು, ಕೆಮಿಸ್ಟ್ರಿಯಲ್ಲಿ ಬಿಎಸ್ಸಿ. ೧೯೯೩ರಲ್ಲಿ ಮಾವ ಆನಂದತೀರ್ಥರ ಜೊತೆ ಫ್ರೀಮಾಂಟಿಗೆ ಬಂದರು. ಒಂದೆರಡು ವರ್ಷ ಮನೆಯಲ್ಲಿದ್ದು ಬೇಸರ ಬಂದು, ಕುಡಿಯುವ ನೀರನ್ನು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಯಂತ್ರಗಳು ಮಾಡುವ ಕೆಲಸ ಒಂದಷ್ಟು, ಮನುಷ್ಯರ ಮೂಗು ಮಾಡುವ ಕೆಲಸ ಒಂದಷ್ಟು. ಬೇಸಿಗೆಯಲ್ಲಿ ಪಾಚಿ ಬೆಳೆದು ನೀರಿಗೆ ಮಣ್ಣಿನ ವಾಸನೆ ಬಂದರೆ ಉಳಿದ ನಾಲ್ವರಿಗಿಂತ ಎರಡು ದಿನ ಮೊದಲು ಇವರಿಗೆ ತಿಳಿಯುತ್ತಿತ್ತಂತೆ. ಹದಿನೇಳು ವರ್ಷ ಮೂಗಿಗೆ ಸಂಬಳ ತೆಗೆದುಕೊಂಡು ನಿವೃತ್ತರಾದರು.

ಲ್ಯಾಬಿನಿಂದ ಮನೆಗೆ ಬಂದರೂ ಆ ಮೂಗಿಗೆ ರಜೆ ಇರಲಿಲ್ಲ. ೨೦೦೮ರಲ್ಲಿ ನಾನು ನಿವೇದಿತಾ, ಹಾಸನದವಳು, ಅವರ ಮಗ ಸುಜಯನನ್ನು ಮದುವೆಯಾಗಿ ಆ ಮನೆಗೆ ಬಂದೆ. ಬೆಳಗಿನ ಅಡುಗೆ ಅತ್ತೆಯದು. ಅದು ದೇವರಿಗೆ ನೈವೇದ್ಯವಾಗಿ ಆಮೇಲೆ ನಮ್ಮ ಡಬ್ಬಿಗಳಿಗೆ. ಸಂಜೆಯ ಅಡುಗೆ ನನ್ನದು, ಅದಕ್ಕೆ ದೇವರ ಹಂಗಿಲ್ಲ. ಸ್ಯಾನ್ ಮಟಿಯೋದ ಆಫೀಸಿನಿಂದ ಸೇತುವೆ ದಾಟಿ, ಟ್ರಾಫಿಕ್ಕಿನಲ್ಲಿ ಹೈರಾಣಾಗಿ ಬಂದು ಒಂದು ಸಾರು ಕುದಿಸುತ್ತಿದ್ದೆ. ಅತ್ತೆ ವಾಕಿಂಗ್ ಮುಗಿಸಿ ಬಂದು, ಬಾಗಿಲಲ್ಲಿ ಇನ್ನೂ ಶೂ ಬಿಚ್ಚುತ್ತಿರುವಾಗಲೇ ತೀರ್ಪು ಬರುತ್ತಿತ್ತು.

"ಇಂಗು ಕಮ್ಮಿ."

ಒಮ್ಮೊಮ್ಮೆ "ಪುಡಿ ಹಳೇದು." ಒಮ್ಮೊಮ್ಮೆ "ಒಗ್ಗರಣೆ ಸೀದಿದೆ." ಒಂದು ದಿನವೂ ತಪ್ಪು ಹೇಳಲಿಲ್ಲ, ಅದೇ ನನಗೆ ಉರಿ. ತಪ್ಪು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಒಳ್ಳೆಯ ಮಾತು ಅಂತ ಬಂದದ್ದು ಒಮ್ಮೆ ಮಾತ್ರ, ೨೦೧೧ರಲ್ಲಿ. "ನಿನ್ನ ಅಡುಗೆ ಸಾಧು ಕಣಮ್ಮ" ಅಂದರು. ಅದು ಹೊಗಳಿಕೆ ಅಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಅವರ ಅಡುಗೆಮನೆಯ ನಿಯಮ ಒಂದೇ. ದೇವರಿಗೆ ಇಡುವ ಮೊದಲು ಯಾವುದನ್ನೂ ರುಚಿ ನೋಡಬಾರದು, ಮೂಸಲೂಬಾರದು. ನಮ್ಮ ಹಾಸನದ ಮನೆಯಲ್ಲಿ ಅಂಗೈ ಮೇಲೆ ಹನಿಸಿಕೊಂಡು ಉಪ್ಪು ನೋಡಿಯೇ ಪಾತ್ರೆ ಇಳಿಸುವುದು. ಇವರು ಐವತ್ತು ವರ್ಷ ನಾಲಿಗೆಗೆ ಒಂದು ಹನಿ ತಾಗಿಸದೆ ಅಡುಗೆ ಮಾಡಿದವರು, ಉಪ್ಪು ಒಂದು ಹರಳು ಹೆಚ್ಚು ಕಮ್ಮಿ ಆದದ್ದಿಲ್ಲ. ಹಣ್ಣಿನ ವಿಷಯದಲ್ಲಿ ಮಾತ್ರ ಒಂದು ಉಪಾಯ ಮಾಡಿಕೊಂಡಿದ್ದರು. ಬುಟ್ಟಿಯಿಂದ ಒಂದು ಹಣ್ಣು ತೆಗೆದು, ಸಿಪ್ಪೆಯನ್ನು ಹೆಬ್ಬೆರಳ ಉಗುರಿನಿಂದ ಗೀರಿ, ಮೂಸಿ ನೋಡುವುದು. ಆ ಒಂದು ಹಣ್ಣು ಕಟ್ಟೆಯ ಮೇಲೆ ಪಕ್ಕಕ್ಕೆ. ಮೂಸಿದ್ದು ಮನೆಯವರಿಗೆ, ಉಳಿದದ್ದು ದೇವರಿಗೆ.

ಅವರಿಗೆ ಮೂಗು ಯಾಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಇನ್ನೊಂದು ಕಥೆ ಇದೆ. ಮೈಸೂರಿನಲ್ಲಿ ಹೊಸ ಸೊಸೆಯಾಗಿದ್ದಾಗ ಒಂದು ಬೆಳಿಗ್ಗೆ ಅವರತ್ತೆ ಒಲೆಯ ಮುಂದೆ ಕೂತೇ ಹಾಲು ತಳ ಹಿಡಿಸಿದರಂತೆ. ಮನೆಯೆಲ್ಲ ಕಮಟು. ಒಲೆಯ ಮುಂದಿದ್ದವರಿಗೆ ಮಾತ್ರ ಗೊತ್ತಾಗಿಲ್ಲ. ಇವರು ಒಳಗೆ ಹೋಗಿ ಅವರ ಕೈಯಿಂದ ಸೌಟು ತೆಗೆದುಕೊಂಡು, "ವಾಸನೆ ತಿಳೀದೆ ಇರೋರು ಒಲೆ ಮುಂದೆ ಕೂರಬಾರದು" ಎಂದರು. ಆವತ್ತಿನಿಂದ ಅಡುಗೆಮನೆ ಇವರದಾಯಿತು. ಈ ಕಥೆಯನ್ನು ನನಗೆ ಕಡಿಮೆಯೆಂದರೆ ಹತ್ತು ಸಲ ಹೇಳಿದ್ದಾರೆ, ಪ್ರತಿಸಲವೂ ಹೆಮ್ಮೆಯಿಂದ.

ಇನ್ನು ಯುಜು. ನಮ್ಮತ್ತೆಯ ಮನೆತನದಲ್ಲಿ ಧನುರ್ಮಾಸದ ಮೊದಲ ದಿನ ಬೆಳಗಿನ ಜಾವದ ಹುಗ್ಗಿಗೆ ಹೇರಳೆಕಾಯಿಯ ಗೊಜ್ಜು ಆಗಬೇಕು. ಮೈಸೂರಿನ ಹಿತ್ತಲಲ್ಲಿ ಮರವಿತ್ತು. ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಲ್ಲಿ ಬಾಳೆಯ ಹೂವು ಸಿಗುತ್ತದೆ, ನುಗ್ಗೆಸೊಪ್ಪು ಸಿಗುತ್ತದೆ, ಹೇರಳೆ ಸಿಗುವುದಿಲ್ಲ. ಇಪ್ಪತ್ತು ವರ್ಷ ಹುಣಸೆಹಣ್ಣಿನ ಗೊಜ್ಜನ್ನೇ ಇಟ್ಟು, ದೇವರಿಗೆ ಮನಸ್ಸಿನಲ್ಲೇ ತಪ್ಪೊಪ್ಪಿಗೆ ಹೇಳಿಕೊಂಡಿದ್ದರು.

೨೦೧೩ರಲ್ಲಿ ಹಿಂದಿನ ಬೀದಿಯ ಫುಮಿಯೆ ಪರಿಚಯವಾದರು. ಎಪ್ಪತ್ತು ದಾಟಿದ ವಿಧವೆ, ಇಲ್ಲೇ ಹುಟ್ಟಿದ ಜಪಾನೀ ಹೆಂಗಸು. ಅವರ ತಂದೆ ಈ ಕಡೆ ಕಾರ್ನೇಷನ್ ಹೂ ಬೆಳೆಯುತ್ತಿದ್ದರಂತೆ. ಹಿತ್ತಲಲ್ಲಿ ನಿಂಬೆ ಜಾತಿಯ ಮೂರು ಮುಳ್ಳಿನ ಗಿಡ. ನಮ್ಮತ್ತೆ ವಾಕಿಂಗಿನಲ್ಲಿ ಬೇಲಿಯ ಪಕ್ಕ ನಿಂತು ಮೂಗರಳಿಸಿದ್ದನ್ನು ನೋಡಿ ಫುಮಿಯೆ ಒಳಗೆ ಕರೆದರು. ನಾನೂ ಜೊತೆಗಿದ್ದೆ. ಜಗಲಿಯ ಮೇಲೆ ಮೂರು ಪುಟ್ಟ ತಟ್ಟೆ ಇಟ್ಟು, ಒಂದೊಂದರಲ್ಲಿ ಒಂದೊಂದು ಹಣ್ಣಿನ ಹೋಳು ಇಟ್ಟರು.

ಮೊದಲನೆಯದು ಸುದಾಚಿ. ಗೋಲಿಗಿಂತ ಸ್ವಲ್ಪ ದೊಡ್ಡದು, ಕಡು ಹಸಿರು. ನಮ್ಮತ್ತೆ ಹಿಂಡಿ ನೆಕ್ಕಿ ಒಂದು ಕಣ್ಣು ಮುಚ್ಚಿದರು. "ನಿಂಬೆ ಎಲೆ, ಹಸಿ ಮೆಣಸು, ಜಗಳಗಂಟಿ" ಎಂದರು ನನ್ನ ಕಡೆ ತಿರುಗಿ. ಎರಡನೆಯದು ಕಬೊಸು. ಗುಂಡಗೆ, ದಪ್ಪಗೆ, ರಸವೋ ರಸ. ಫುಮಿಯೆ ಅದನ್ನು ಸುಟ್ಟ ಮೀನಿನ ಮೇಲೆ ಹಿಂಡುತ್ತಾರಂತೆ. ಮೀನಿನ ಮಾತು ಬಂದ ಕೂಡಲೇ ಅತ್ತೆ ತಟ್ಟೆಯನ್ನು ಒಂದು ಅಂಗುಲ ಆಚೆ ಸರಿಸಿ ರುಚಿ ನೋಡಿದರು. "ಇದು ಸಾಧು. ಹುಳಿ ಇದೆ, ಮಾತಿಲ್ಲ." ಮೂರನೆಯದು ಯುಜು. ನೋಡಲು ಕುರೂಪಿ, ಸಿಪ್ಪೆಯೆಲ್ಲ ಗಂಟು ಗಂಟು, ಒಳಗೆ ಬರೀ ಬೀಜ. ಅತ್ತೆ ಸಿಪ್ಪೆ ಗೀರಿ ಮೂಗಿನ ಹತ್ತಿರ ಹಿಡಿದವರು ಬಹಳ ಹೊತ್ತು ತೆಗೆಯಲಿಲ್ಲ.

"ಹೇರಳೆ ಅಲ್ಲ. ಆದ್ರೆ ಹೇರಳೆ ತಂಗಿ" ಎಂದರು. ಕಣ್ಣು ಒದ್ದೆಯಾಗಿತ್ತು. ಸುದಾಚಿಯ ಹುಳಿಯಿಂದ ಅಂತ ಆಮೇಲೆ ಸಮಜಾಯಿಷಿ ಕೊಟ್ಟರು.

ಆ ವರ್ಷ ಡಿಸೆಂಬರಿನಲ್ಲಿ ಫುಮಿಯೆ ಒಂದು ಚೀಲ ಹಳದಿ ಯುಜು ಕೊಟ್ಟರು. ಅತ್ತೆ ಹಿಂಡಿ, ರಸವನ್ನಷ್ಟೇ ಗೊಜ್ಜಿಗೆ ಹಾಕಿ, ಸಿಪ್ಪೆಯನ್ನೆಲ್ಲ ಕಸದ ಹಸಿರು ಡಬ್ಬಿಗೆ ಹಾಕಿದರು. ಹೇರಳೆಯ ಸಿಪ್ಪೆ ಕಹಿ, ಹಿಂಡುವಾಗ ಜೋರಾಗಿ ಒತ್ತಲೂಬಾರದು ಎಂದು ಕಲಿತ ಕೈ ಅದು. ಗೊಜ್ಜಿನ ಬಟ್ಟಲು ಕೊಡಲು ಹೋದಾಗ ಫುಮಿಯೆ, ಸಿಪ್ಪೆ ಎಲ್ಲಿ ಎಂದು ಕೇಳಿದರು. ಎಸೆದೆ ಎಂದರೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಯುಜುವಿನಲ್ಲಿ ಇರುವುದೆಲ್ಲ ಸಿಪ್ಪೆಯಲ್ಲೇ, ರಸ ಬರೀ ನೆಪ. ಮರುವರ್ಷದಿಂದ ಅತ್ತೆ ಸಿಪ್ಪೆಯನ್ನು ತುರಿದು, ಒಲೆ ಆರಿಸಿದ ಮೇಲೆ ಗೊಜ್ಜಿಗೆ ಸೇರಿಸತೊಡಗಿದರು. ಧನುರ್ಮಾಸದ ಮೊದಲ ದಿನ ನಮ್ಮ ಮನೆಯಲ್ಲಿ ಅಲಾರಾಂ ಬೇಕಾಗುತ್ತಿರಲಿಲ್ಲ. ಆ ಘಮಕ್ಕೇ ಎಚ್ಚರವಾಗುತ್ತಿತ್ತು.

ಇಬ್ಬರ ಸ್ನೇಹ ಬೆಳೆಯಿತು. ಗಣೇಶ ಹಬ್ಬದ ಕೋಸಂಬರಿಗೆ ಸುದಾಚಿ ಬಂತು. ಚಳಿಗಾಲದ ಅತಿ ಚಿಕ್ಕ ಹಗಲಿನಂದು ಜಪಾನೀಯರು ಬಿಸಿನೀರಿನ ತೊಟ್ಟಿಯಲ್ಲಿ ಯುಜು ತೇಲಿಬಿಟ್ಟು ಸ್ನಾನ ಮಾಡುತ್ತಾರೆ ಎಂದು ತಿಳಿದಾಗ ಅತ್ತೆ ಮೂರು ದಿನ ಚೇತರಿಸಿಕೊಳ್ಳಲಿಲ್ಲ. "ಗೊಜ್ಜಿಗೆ ಆಗೋ ಹಣ್ಣು ಬಚ್ಚಲಿಗೆ!" ಎಂದು ಮಾವನ ಹತ್ತಿರ, ನನ್ನ ಹತ್ತಿರ, ಕೊನೆಗೆ ತರಕಾರಿ ಅಂಗಡಿಯವನ ಹತ್ತಿರವೂ ಹೇಳಿಕೊಂಡರು. ೨೦೧೫ರಲ್ಲಿ ಮಾವ ತೀರಿಕೊಂಡಾಗ ಹದಿಮೂರು ದಿನವೂ ಸಂಜೆ ಬಂದು ಅತ್ತೆಯ ಪಕ್ಕ ಮಾತಿಲ್ಲದೆ ಕೂತು ಹೋಗುತ್ತಿದ್ದವರು ಫುಮಿಯೆ ಒಬ್ಬರೇ.

೨೦೨೨ರ ಜನವರಿಯಲ್ಲಿ ಎಲ್ಲರಿಗೂ ಬಂದ ಜ್ವರ ನಮಗೂ ಬಂತು. ನನ್ನ ಮೂಗು ಮೂರು ವಾರ ಸತ್ತು ಮತ್ತೆ ಬದುಕಿತು. "ನಿಮಗೆ ವಾಸನೆ ವಾಪಸ್ ಬಂತಾ ಅತ್ತೆ?" ಎಂದು ಕೇಳಿದೆ. "ಬಂತಮ್ಮ, ನಿನಗಿಂತ ಮೊದಲೇ" ಎಂದರು. ಅದು ಅವರು ನನಗೆ ಹೇಳಿದ ಮೊದಲ ಸುಳ್ಳು ಇರಬೇಕು.

ಆಮೇಲೆ ಅವರು ಹೇಗೆ ನಿಭಾಯಿಸಿದರು ಎಂಬುದನ್ನು ಈಗ ಕೂತು ಜೋಡಿಸಿದರೆ ಭೇಷ್ ಎನ್ನಬೇಕು. ಆ ಮಾರ್ಚಿನಲ್ಲಿ ಗ್ಯಾಸ್ ಒಲೆ ತೆಗೆಸಿ ಇಂಡಕ್ಷನ್ ಹಾಕಿಸಿದರು. ಪರಿಸರಕ್ಕೆ ಒಳ್ಳೆಯದು ಎಂದರು. ನಾನು ಮೆಚ್ಚಿ ಆಫೀಸಿನಲ್ಲಿ ಹೇಳಿಕೊಂಡು ಬಂದೆ. ಹಾಲಿಡುವಾಗ ಕುರ್ಚಿ ಹಾಕಿಕೊಂಡು ಎದುರೇ ಕೂರತೊಡಗಿದರು. ಮಂಡಿನೋವು ಎಂದರು. ಮೆಂತ್ಯ ಹುರಿಯುವಾಗ ಫೋನಿನಲ್ಲಿ ಟೈಮರು. ಇಂಗಿನ ಡಬ್ಬಿಯಲ್ಲಿ ಒಂದು ಅಳತೆಯ ಚಮಚ. ಹೇಗೂ ಆ ಒಲೆಯ ಮುಂದೆ ರುಚಿ ನೋಡುವ, ಮೂಸುವ ರೂಢಿಯೇ ಇಲ್ಲವಲ್ಲ. ಅವರು ಮೂಸದೆ ಅಡುಗೆ ಮಾಡುವುದು ಯಾರಿಗೆ ವಿಶೇಷವಾಗಿ ಕಾಣಬೇಕು? ಕೈಗೆ ಐವತ್ತು ವರ್ಷದ ಅಳತೆ ಗೊತ್ತಿತ್ತು. ಫುಮಿಯೆಯ ಚೀಲದ ಮೇಲೆ ಯುಜು ಎಂದು ಬರೆದಿರುತ್ತಿತ್ತು.

ಒಂದು ಬದಲಾವಣೆಯನ್ನು ನಾನು ಚೆನ್ನಾಗಿಯೇ ಗಮನಿಸಿದೆ. ಸಂಜೆ ಬಾಗಿಲಿನಿಂದ ತೀರ್ಪು ಬರುವುದು ನಿಂತಿತು. ಶೂ ಬಿಚ್ಚಿ, ಕೈಕಾಲು ತೊಳೆದು, ತಟ್ಟೆ ಮುಂದೆ ಕೂತು, ಹಾಕಿದ್ದನ್ನು ಸುಮ್ಮನೆ ಊಟ ಮಾಡುತ್ತಿದ್ದರು. ಮೊದಲ ವಾರ ಭಯವಾಯಿತು. ಎರಡು ತಿಂಗಳಾದ ಮೇಲೆ ಸುಜಯನಿಗೆ ಹೇಳಿದೆ: "ನೋಡಿದ್ಯಾ, ಹದಿನಾಲ್ಕು ವರ್ಷಕ್ಕೆ ನಿಮ್ಮಮ್ಮನ ಸರ್ಟಿಫಿಕೇಟು ಸಿಕ್ತು." ಊರಿಗೆ ಫೋನು ಮಾಡಿ ನಮ್ಮಮ್ಮನಿಗೂ ಹೇಳಿದೆ. ನಾಲ್ಕು ವರ್ಷ ನಾನು ಒಳ್ಳೆಯ ಅಡುಗೆಯವಳಾಗಿ ಬದುಕಿದೆ.

೨೦೨೪ರ ವಸಂತದಲ್ಲಿ ಫುಮಿಯೆ ಬಿದ್ದು ಸೊಂಟ ಮುರಿದುಕೊಂಡರು. ಮಗಳು ಅವರನ್ನು ಸ್ಯಾಕ್ರಮೆಂಟೋಗೆ ಕರೆದುಕೊಂಡು ಹೋದಳು, ಮನೆ ಮಾರಾಟಕ್ಕೆ ಹೋಯಿತು. ಒಂದು ಶನಿವಾರ ಮಗಳ ಫೋನು ಬಂತು. ಅಮ್ಮ ಕಸಿ ಮಾಡಿದ ಮೂರು ಕುಂಡ ಗ್ಯಾರೇಜಿನ ಪಕ್ಕ ಇವೆ, ಯುಜು ಗಿಡ ನೀಲಾಗೆ ಕೊಡು ಎಂದಿದ್ದಾರೆ, ಉಳಿದೆರಡನ್ನು ನಾಳೆ ಅವರ ಬೌದ್ಧ ದೇವಾಲಯದವರು ಒಯ್ಯುತ್ತಾರೆ. ಯಾವುದು ಯಾವುದೋ ತನಗೆ ಗೊತ್ತಿಲ್ಲ. "ನೀಲಾ ಎಲೆ ಮೂಸಿದರೆ ಅವಳಿಗೇ ತಿಳಿಯುತ್ತೆ ಅಂತ ಅಮ್ಮ ಹೇಳಿದರು" ಎಂದಳು.

ಅತ್ತೆಯನ್ನು ಕೂರಿಸಿಕೊಂಡು ನಾನು ಕಾರು ತೆಗೆದೆ. ಮೂರು ಕುಂಡ, ಮೂರರಲ್ಲೂ ಮರದ ಕಡ್ಡಿ, ಕಡ್ಡಿಯ ಮೇಲಿನ ಅಕ್ಷರ ಬಿಸಿಲಿಗೆ ಅಳಿಸಿಹೋಗಿದೆ. ಕಾಯಿ ಒಂದೂ ಇಲ್ಲ.

"ತಡೀರಿ, ನಾನೂ ಮೂಸ್ತೀನಿ" ಎಂದೆ.

"ನೀನು ಹೋಗಿ ಕಾರಿನ ಟ್ರಂಕು ತೆಗಿ" ಎಂದರು.

ನಾನು ಕಾರಿನ ಹತ್ತಿರ ನಿಂತು ನೋಡಿದೆ. ಒಂದೊಂದು ಗಿಡದಿಂದ ಒಂದೊಂದು ಎಲೆ ಕಿತ್ತು, ಹಿಸುಕಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಎಂದಿಗಿಂತ ಹೆಚ್ಚು ಹೊತ್ತು. ಆಮೇಲೆ ಗಿಡಗಳ ಕಾಂಡವನ್ನು ಬೆರಳಿನಿಂದ ಸವರಿ, ಕೊನೆಯ ಕುಂಡವನ್ನು ತೋರಿಸಿದರು. "ಇದೇ." ನಾವು ಅದನ್ನು ತಂದು ಹಿತ್ತಲಲ್ಲಿ, ಬಿಸಿಲು ಬೀಳುವ ಗೋಡೆಯ ಪಕ್ಕ ನೆಟ್ಟೆವು. ಆ ವರ್ಷ ಹುಣಸೆಹಣ್ಣಿನ ಗೊಜ್ಜಾಯಿತು. ಮರುವರ್ಷ ಗಿಡ ಎಂಟು ಕಾಯಿ ಬಿಟ್ಟಿತು. ಅತ್ತೆ ಪ್ರತಿದಿನ ಹೋಗಿ ಎಣಿಸಿ ಬರುತ್ತಿದ್ದರು.

೨೦೨೫ರ ಡಿಸೆಂಬರು, ಧನುರ್ಮಾಸದ ಮೊದಲ ದಿನ. ನನಗೆ ಎಚ್ಚರವಾದದ್ದು ಅಲಾರಾಮಿನಿಂದ. ಅದರಲ್ಲಿ ಏನೋ ತಪ್ಪಿದೆ ಎಂದು ಅನಿಸಿದರೂ ಏನೆಂದು ಹೊಳೆಯಲಿಲ್ಲ. ಪೂಜೆ ಮುಗಿದು ನಾವು ನಾಲ್ವರೂ ಊಟದ ಮೇಜಿನ ಸುತ್ತ ಕೂತಾಗ ಕಿಟಕಿಯ ಆಚೆ ಇನ್ನೂ ಮಬ್ಬು. ಹುಗ್ಗಿ, ಮೇಲೆ ತುಪ್ಪ, ಪಕ್ಕದಲ್ಲಿ ಗೊಜ್ಜು. ಒಂದು ತುತ್ತು ತಿಂದೆ. ಉಪ್ಪು ಸರಿ, ಬೆಲ್ಲ ಸರಿ, ಹುಳಿ ಸರಿ. ಎರಡನೆಯ ತುತ್ತು ತಿಂದೆ.

"ಹೇಗಿದೆ?" ಎಂದರು ಅತ್ತೆ.

ಹದಿನೇಳು ವರ್ಷದಲ್ಲಿ ಅವರು ಈ ಪ್ರಶ್ನೆ ಕೇಳಿದ್ದಿಲ್ಲ. ಅವರ ಅಡುಗೆ ಹೇಗಿದೆ ಎಂಬುದು ಅವರಿಗೆ ನಮಗಿಂತ ಮೊದಲೇ ಗೊತ್ತಿರುತ್ತಿತ್ತು.

"ಸೂಪರ್ ಅಮ್ಮ" ಎಂದ ಸುಜಯ್, ಫೋನಿನಿಂದ ತಲೆಯೆತ್ತದೆ. ಅವನ ಮುಂದೆ ಒದ್ದೆ ರಟ್ಟು ಇಟ್ಟರೂ ಸೂಪರ್ರೇ. ನಮ್ಮ ಮಗಳು ಗಾರ್ಗಿ, ಹದಿನಾಲ್ಕು ವರ್ಷದವಳು, ಚಮಚ ನೆಕ್ಕಿ ಹುಬ್ಬು ಗಂಟು ಹಾಕಿ, "ಇಟ್ಸ್ ಗುಡ್ ಅಜ್ಜಿ. ಬಟ್ ಇಟ್ಸ್ ನಾಟ್ ದಟ್" ಎಂದಳು.

ಅತ್ತೆ ನನ್ನ ಕಡೆ ನೋಡಿದರು. ನಾನು ಎದ್ದು ಅಡುಗೆಮನೆಗೆ ಹೋದೆ. ಕಟ್ಟೆಯ ಮೇಲೆ, ಎಂದಿನ ಜಾಗದಲ್ಲಿ, ಪಕ್ಕಕ್ಕಿಟ್ಟ ಒಂದು ಹಣ್ಣು. ಉಗುರಿನ ಗೀರು ಒಂದಲ್ಲ, ಐದಾರು ಇದ್ದವು. ಒಂದು ಕಡೆಯಂತೂ ಸಿಪ್ಪೆಯೇ ಕಿತ್ತುಬಂದಿತ್ತು. ನಾನು ಮೂಸಿದೆ. ತಣ್ಣಗೆ, ಮೆತ್ತಗೆ, ಹುಳಿ ಇದೆ, ಮಾತಿಲ್ಲ. ಕಬೊಸು.

ಹಣ್ಣು ಕೈಯಲ್ಲಿ ಹಿಡಿದು ನಿಂತಾಗ ಇಂಡಕ್ಷನ್ ಒಲೆ, ಕುರ್ಚಿ, ಟೈಮರು ಎಲ್ಲವೂ ಕಣ್ಣಿಗೆ ಬಿದ್ದವು. ಯುಜು ಯಾವುದು ಕಬೊಸು ಯಾವುದು ಎಂದು ನನಗೇ ತಿಳಿಯುತ್ತದೆ. ಹದಿನೇಳು ವರ್ಷ ಮೂಗಿಗೆ ಸಂಬಳ ತೆಗೆದುಕೊಂಡವರಿಗೆ ತಿಳಿಯಲಿಲ್ಲ. ಸುಜಯ್ ಗಾರ್ಗಿಯನ್ನು ಸ್ಕೂಲಿಗೆ ಬಿಡಲು ಹೊರಡುವವರೆಗೆ ಕಾದೆ. ಅತ್ತೆ ಸಿಂಕಿನ ಮುಂದೆ ಪೂಜೆಯ ಬೆಳ್ಳಿ ಲೋಟ ತೊಳೆಯುತ್ತಿದ್ದರು.

"ಅತ್ತೆ, ಇದು ಯುಜು ಅಲ್ಲ. ಕಬೊಸು."

"ಅನುಮಾನ ಇತ್ತು" ಎಂದರು, ತಿರುಗದೆ. "ಸಿಪ್ಪೆ ನುಣುಪಿತ್ತು. ರಸ ಜಾಸ್ತಿ ಬಂತು. ಎಳೇ ಗಿಡ, ಅದಕ್ಕೇ ಹೀಗಿರಬೇಕು ಅಂತ ಸಮಾಧಾನ ಮಾಡ್ಕೊಂಡೆ."

"ಗಿಡ ಆರಿಸಿದಾಗ?"

"ಯುಜುಗೆ ಮುಳ್ಳು ಜಾಸ್ತಿ ಅಂತ ಫುಮಿಯೆ ಯಾವಾಗ್ಲೋ ಹೇಳಿದ್ಲು. ಮುಳ್ಳು ನೋಡಿ ಆರಿಸಿದೆ." ನಲ್ಲಿ ನಿಲ್ಲಿಸಿದರು. "ಅದೇ ಜ್ವರದಲ್ಲಿ ಹೋಯ್ತು ಕಣೇ. ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ದಿನಾ ಬೆಳಿಗ್ಗೆ ಕಾಫಿಪುಡಿ ಡಬ್ಬಿ ಮೂಸ್ತಿದ್ದೆ. ಈ ಸಲ ಹಣ್ಣು ಗೀರಿದಾಗ, ಒಂದು ಸಲನಾದ್ರೂ ಬರುತ್ತೇನೋ ಅಂತ ಗೀರಿ ಗೀರಿ ನೋಡಿದೆ."

ನನಗೆ ಸಂಕಟವಾಯಿತು. ಸಿಟ್ಟೂ ಬಂತು. ಸಿಟ್ಟು ಮೊದಲು ಬಾಯಿಗೆ ಬಂತು.

"ಯಾಕೆ ಹೇಳ್ಲಿಲ್ಲ? ಡಾಕ್ಟರಿಗೆ ತೋರಿಸಬಹುದಿತ್ತು."

"ತೋರಿಸಿದೆ, ನೀನು ಆಫೀಸಿಗೆ ಹೋದಾಗ. ಕಾಯಿರಿ ಅಂದ್ರು." ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಗೋಡೆಯ ಮೊಳೆಯಿಂದ ಸೌಟು ತೆಗೆದು ಕಟ್ಟೆಯ ಮೇಲೆ ನನ್ನ ಮುಂದೆ ಇಟ್ಟರು. "ತಗೋ. ನಮ್ಮತ್ತೆ ಕೈಯಿಂದ ನಾನೇ ಕಿತ್ಕೊಂಡೆ. ಆ ಕಥೆ ನಿನಗೆ ಎಷ್ಟು ಸಲ ಹೇಳಿದೀನೋ. ಆಮೇಲಿನ್ನೊಂದು ಚೂರು ಇದೆ, ಅದು ಹೇಳಿಲ್ಲ. ಅವರು ಆಮೇಲೆ ಒಂಬತ್ತು ವರ್ಷ ಬದುಕಿದ್ರು. ಒಂದು ದಿನಾನೂ ಅಡುಗೆಮನೆ ಒಳಗೆ ಬರ್ಲಿಲ್ಲ. ಹೊಸ್ತಿಲ ಆಚೆ ಕೂತು ಬತ್ತಿ ಹೊಸೀತಿದ್ರು. ನಾನೂ ಕರೀಲಿಲ್ಲ."

ಸೌಟು ಕಟ್ಟೆಯ ಮೇಲೆ ಬಿದ್ದಿತ್ತು. ಆಗ ನನಗೆ ಇನ್ನೊಂದು ಹೊಳೆಯಿತು. ಆ ಹೊತ್ತಿಗೆ ಕೇಳುವ ಮಾತಲ್ಲ, ಆದರೂ ಕೇಳಿದೆ.

"ಅತ್ತೆ, ನಾಲ್ಕು ವರ್ಷದಿಂದ ನನ್ನ ಸಾರಿಗೆ ನೀವು ಒಂದು ಮಾತೂ ಅಂದಿಲ್ಲ. ಚೆನ್ನಾಗಿರುತ್ತಿತ್ತು ಅಂತ ಅಲ್ವಾ?"

ಅವರು ನನ್ನನ್ನು ನೋಡಿದರು. ಒಂದು ಸುಳ್ಳು ಹೇಳಬಹುದಿತ್ತು. ಅಭ್ಯಾಸವಂತೂ ಆಗಿತ್ತು.

"ಬಿಸಿಯಾಗಿರ್ತಿತ್ತು" ಎಂದರು.

ಕೆನ್ನೆಗೆ ಹೊಡೆದಂತಾಯಿತು. ನಾಲ್ಕು ವರ್ಷದ ಸರ್ಟಿಫಿಕೇಟು ಅಲ್ಲೇ ಹರಿಯಿತು. ಆಮೇಲೆ ಯಾಕೋ ನಗು ಬಂತು. ನಾನು ನಕ್ಕದ್ದು ನೋಡಿ ಅವರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಸೌಟನ್ನು ತೆಗೆದು ಮೊಳೆಗೆ ನೇತುಹಾಕಿದೆ.

"ನನಗೆ ಬೇಡ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹುಗ್ಗಿ ಮಾಡೋರು ಯಾರು? ಒಲೆ ಮುಂದೆ ನೀವೇ ಇರಿ. ಹಣ್ಣು ಮೂಸೋದು ಮಾತ್ರ ನಂದು."

ಅವರು ಪಕ್ಕಕ್ಕಿಟ್ಟ ಹಣ್ಣನ್ನು ಕೈಗೆತ್ತಿಕೊಂಡು, ಇದನ್ನು ಏನು ಮಾಡುವುದು ಎಂದರು. ನಾನು ಆವತ್ತು ಆಫೀಸಿಗೆ ರಜೆ ಹಾಕಿದೆ, ಮಧ್ಯಾಹ್ನದ ಮಜ್ಜಿಗೆಗೆ ಹಿಂಡಿಕೊಂಡು ಕುಡಿದೆವು. ಫುಮಿಯೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಅತ್ತೆಯೇ ಹೇಳಿದರು. ಆಮೇಲೆ ಫುಮಿಯೆ, ತನಗೂ ಈಗ ಬಲಗಿವಿ ಕೇಳಿಸುವುದಿಲ್ಲ, ಮಗಳಿಗೆ ಹೇಳಿಲ್ಲ ಎಂದರಂತೆ.

ಆ ಸಂಜೆ ನಾನು ಸಾರು ಮಾಡಿದೆ. ಹೊಸ ಪುಡಿ ಹಾಕಿದೆ, ಒಗ್ಗರಣೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡಿದೆ, ಉಪ್ಪು ನೋಡಿದೆ. ಯಾರಿಗಾಗಿ ಇಷ್ಟು ಜಾಗ್ರತೆ ಎಂದು ನನಗೇ ತಿಳಿಯಲಿಲ್ಲ. ಬಾಗಿಲು ತೆರೆದ ಸದ್ದಾಯಿತು. ಅತ್ತೆ ವಾಕಿಂಗ್ ಮುಗಿಸಿ ಬಂದಿದ್ದರು. ಒಂದು ಶೂ ಬಿಚ್ಚಿದ ಸದ್ದು, ಇನ್ನೊಂದಕ್ಕೆ ಸ್ವಲ್ಪ ತಡೆ.

"ಇಂಗು ಕಮ್ಮಿ" ಎಂದರು, ಅಲ್ಲಿಂದಲೇ.

ನಾನು ಪಾತ್ರೆಯ ಮೇಲೆ ಬಗ್ಗಿ ಮೂಸಿ ನೋಡಿದೆ. ಇಂಗು ಸರಿಯಾಗಿಯೇ ಇತ್ತು. ಡಬ್ಬಿ ತೆಗೆದು ಇನ್ನೊಂದು ಚಿಟಿಕೆ ಹಾಕಿದೆ.